ಗ್ರಾನ್‌ಸೆಲೆಯೋ ಲೋಮ್‌ವಿಕ್ಕೋ: ಸಂದರ್ಶನದಲ್ಲಿ ಕೇಳಲಾಗದೆ ಉಳಿದ ಒಂದೇ ಪ್ರಶ್ನೆ

ಪುರಸಭೆಯ ಸಿಬ್ಬಂದಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನಗೆ ಮದುವೆಯಾಯಿತು! ಕಳೆದ ಶನಿವಾರ ಗೋಥೆನ್‌ಬರ್ಗಿನ ಪುರಭವನದಲ್ಲಿ, ತಮ್ಮದೇ ಪುರಸಭೆಗೆ ಸೇರಿದ ಲೋಮ್‌ವಿಕ್ ಊರಿನ ಚಿಮಣಿ ಗುಡಿಸುವ ಸಿಕ್ಸ್ಟೆನ್ ಜೊತೆ ನನ್ನ ಮದುವೆಯಾಯಿತು. ಇನ್ನೂ ಬೆರಳಿನ ಉಂಗುರವನ್ನು ಐದು ನಿಮಿಷಕ್ಕೊಮ್ಮೆ ನೋಡಿಕೊಳ್ಳುತ್ತಿದ್ದೇನೆ, ಈ ಪತ್ರ ಬರೆಯುವಾಗಲೂ ಎರಡು ಸಲ ನೋಡಿಕೊಂಡೆ. ಇಷ್ಟು ದೊಡ್ಡ ಸಂತೋಷವನ್ನು, ಒಮ್ಮೆ ಮಾತ್ರ ಭೇಟಿಯಾದ ಅಧಿಕಾರಿಯೊಬ್ಬರಿಗೆ ಪತ್ರಿಕೆಯ ಮೂಲಕ ಏಕೆ ತಿಳಿಸುತ್ತಿದ್ದೇನೆಂದರೆ, ನಾನು ನನ್ನ ಗಂಡನ ಜೊತೆ ಒಂದೇ ಮನೆಯಲ್ಲಿ ಬಾಳುತ್ತೇನೋ ಇಲ್ಲವೋ ಎಂಬುದು ನನಗೆ ಗೊತ್ತಿಲ್ಲ, ನನ್ನ ಗಂಡನಿಗೆ ಗೊತ್ತಿಲ್ಲ, ಅದು ಗೊತ್ತಿರಬೇಕಾದವರು ತಾವು. ಈಜು ಶಿಕ್ಷಕಿಯ ಕೆಲಸಕ್ಕೆ ತಾವು ನನ್ನನ್ನು ಸಂದರ್ಶಿಸಿದ ದಿನ ನನ್ನ ಬಳಿ ಒಂದೇ ಒಂದು ಪ್ರಶ್ನೆಯಿತ್ತು. ಅದನ್ನು ಕೇಳಲು ತಾವು ಸಮಯ ಕೊಡಲಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ, ಆದರೆ ವಿವರ ಹೇಳದೆ ಬಿಡುವವಳು ನಾನಲ್ಲ.

ಪ್ರಶ್ನೆ ಬಹಳ ಸಣ್ಣದು. ತಮ್ಮ ಪುರಸಭೆಯಲ್ಲಿ ಎರಡು ಈಜುಕೊಳಗಳಿವೆ, ಒಂದು ಗ್ರಾನ್‌ಸೆಲೆಯಲ್ಲಿ, ಇನ್ನೊಂದು ಲೋಮ್‌ವಿಕ್ಕಿನಲ್ಲಿ. ಎರಡೂ ಒಂದೇ ಪುರಸಭೆ ಎಂದು ಭೂಪಟ ಹೇಳುತ್ತದೆ, ಆದರೆ ನಡುವೆ ಮೂರು ಗಂಟೆಯ ರೈಲು ದಾರಿ, ಕಾಡು, ಸರೋವರ, ಮತ್ತೆ ಕಾಡು. ದಿನಕ್ಕೆ ಇರುವುದು ಒಂದೇ ರೈಲು. ಕೆಲಸ ಲೋಮ್‌ವಿಕ್ಕಿನಲ್ಲಾದರೆ ನಾನು ಸಂಜೆ ಮನೆಗೆ ಹೋಗಿ, ಮಸಿ ಬಳಿದುಕೊಂಡು ಬರುವ ಗಂಡನಿಗೆ ಬಾಗಿಲಲ್ಲೇ ನಿಂತು, "ಮೊದಲು ಸ್ನಾನ!" ಎಂದು ಕೂಗಬಹುದು. ಗ್ರಾನ್‌ಸೆಲೆಯಲ್ಲಾದರೆ ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ವಾರಕ್ಕೊಮ್ಮೆ ಗಂಡನ ಮುಖ ನೋಡಬೇಕು. ತಮ್ಮ ಜಾಹೀರಾತಿನಲ್ಲಿ "ಕೆಲಸದ ಸ್ಥಳ: ಪುರಸಭೆಯ ಈಜುಕೊಳ" ಎಂದಿತ್ತು. ಯಾವ ಈಜುಕೊಳ ಸ್ವಾಮಿ? ಇಷ್ಟೇ ನನ್ನ ಪ್ರಶ್ನೆ. ಉತ್ತರ ಕೊಡಲು ಒಂದು ಊರಿನ ಹೆಸರು ಹೇಳಿದರೆ ಸಾಕಿತ್ತು.

ಈಗ ಆ ಸಂದರ್ಶನವನ್ನು ತಮಗೆ ನೆನಪಿಸುತ್ತೇನೆ. ಮೇಜಿನ ಆಚೆ ತಾವಿದ್ದಿರಿ. ತಮ್ಮ ಬಲಕ್ಕೆ ಎರಡೂ ಈಜುಕೊಳಗಳ ವ್ಯವಸ್ಥಾಪಕಿ, ಎಡಕ್ಕೆ ನೌಕರರ ಸಂಘದ ಪ್ರತಿನಿಧಿ. ಕಿಟಕಿಯ ಬಳಿ ಕುಳಿತಿದ್ದ ನಾಲ್ಕನೆಯವರು ಯಾರೆಂದು ನನಗೆ ಇಂದಿಗೂ ತಿಳಿಯದು. ಬಿಸಿಲು ಬಂದಾಗ ಅವರು ಪರದೆ ಎಳೆದರು, ಬಿಸಿಲು ಹೋದಾಗ ಪರದೆ ತೆರೆದರು, ಮತ್ತು ಇಡೀ ಸಭೆಯಲ್ಲಿ ಉಪಯೋಗಕ್ಕೆ ಬಂದ ಕೆಲಸ ಮಾಡಿದವರು ಅವರೊಬ್ಬರೇ. ಮೊದಲ ಪ್ರಶ್ನೆ ತಮ್ಮದು.

"ನೀವು ಒಂದು ಜಲರಾಶಿ ಆಗಿದ್ರೆ ಯಾವುದಾಗಿರ್ತಿದ್ರಿ?"

ನಾನು ಕೆರೆ ಎಂದೆ.

"ಸಮುದ್ರ ಯಾಕಲ್ಲ?" ಎಂದು ಸಂಘದ ಪ್ರತಿನಿಧಿ ಹುಬ್ಬು ಗಂಟಿಕ್ಕಿದರು.

"ಸಮುದ್ರದಲ್ಲಿ ಅಲೆ ಜಾಸ್ತಿ. ಮಕ್ಕಳು ಹೆದರ್ಕೋತಾರೆ."

ಎಲ್ಲರೂ ತಲೆದೂಗಿ ಬರೆದುಕೊಂಡರು. ನಾನು ನಿಜಕ್ಕೂ ಹಿಗ್ಗಿದೆ. ಮುಳುಗುವ ಮಗುವನ್ನು ಹೇಗೆ ಮೇಲೆತ್ತುತ್ತೀ, ನೀರಿಗೆ ಇಳಿಯಲು ಒಪ್ಪದ ಮಗುವಿಗೆ ಏನು ಹೇಳುತ್ತೀ ಎಂದು ಈಗ ಕೇಳುತ್ತಾರೆ ಅಂದುಕೊಂಡೆ. ಆದರೆ ಮುಂದಿನ ಪ್ರಶ್ನೆ, ಸಹೋದ್ಯೋಗಿಯೊಬ್ಬರು ಕಾಫಿ ಲೋಟ ತೊಳೆಯದೆ ಬಿಟ್ಟು ಹೋದರೆ ನಾನೇನು ಮಾಡುತ್ತೇನೆ ಎಂಬುದು. ಉತ್ತರ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ವ್ಯವಸ್ಥಾಪಕಿಯವರು ನಿಟ್ಟುಸಿರುಬಿಟ್ಟರು.

"ಕೆಲವರು ತೊಳಿಯೋದೇ ಇಲ್ಲ."

"ಕೆಲವರು ಅಂದ್ರೆ ಯಾರು? ಹೆಸರು ಹೇಳಿ," ಎಂದರು ಸಂಘದ ಪ್ರತಿನಿಧಿ.

"ನಾನು ಯಾರ ಹೆಸರನ್ನೂ ಹೇಳಿಲ್ಲಪ್ಪ."

"ನನ್ನ ಕಡೆ ನೋಡ್ಕೊಂಡು ಹೇಳಿದ್ರಲ್ಲ!"

"ನಾನು ಕಿಟಕಿ ನೋಡ್ತಿದ್ದೆ."

"ಕಿಟಕಿ ಆ ಕಡೆ ಇದೆ ಕಣ್ರೀ!"

ತಾವು ಮಧ್ಯೆ ಬಂದು, ಇಬ್ಬರ ಅಭಿಪ್ರಾಯಕ್ಕೂ ಸಮಾನ ಸಮಯ ಸಿಗಲಿ ಎಂದಿರಿ. ಸಮಾನ ಸಮಯ ಸಿಕ್ಕಿತು. ಆ ಸಮಯ ಎಲ್ಲಿಂದ ಬಂತೆಂದು ತಾವು ಯೋಚಿಸಿದ್ದೀರಾ? ತಾವು ಕಳಿಸಿದ್ದ ಕಾರ್ಯಕ್ರಮಪಟ್ಟಿಯಲ್ಲಿ "ಅಭ್ಯರ್ಥಿಯ ಪ್ರಶ್ನೆಗಳು" ಎಂದು ಕೊನೆಯಲ್ಲಿ ಬರೆದಿತ್ತಲ್ಲ, ಅದರಿಂದ ಬಂತು. ನನ್ನ ದಾಂಪತ್ಯದ ಸಮಯವನ್ನು ತಾವು ಒಂದು ಕಾಫಿ ಲೋಟಕ್ಕೆ ಸುರಿದಿರಿ. ಆ ಲೋಟವನ್ನು ತೊಳೆದವರು ಇನ್ನೂ ಯಾರೂ ಇಲ್ಲ ಎಂದು ನನ್ನ ನಂಬಿಕೆ.

ಕೊನೆಗೆ ತಾವು ನನ್ನ ಕಡೆ ತಿರುಗಿ, "ಈಗ ನಿಮ್ಮದೇನಾದ್ರೂ ಪ್ರಶ್ನೆ ಇದ್ಯಾ?" ಎಂದಿರಿ. ಕೇಳಿದಿರಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾವು ನಿಂತಾಗಿತ್ತು. ವ್ಯವಸ್ಥಾಪಕಿಯವರು ಕುರ್ಚಿ ಒಳಗೆ ತಳ್ಳಿಯಾಗಿತ್ತು. ಸಂಘದ ಪ್ರತಿನಿಧಿ ಬಾಗಿಲಾಚೆ ಹೋಗಿಯೇ ಬಿಟ್ಟಿದ್ದರು. ಓಣಿಯ ತುದಿಯಿಂದ ಏಲಕ್ಕಿ ಬನ್ನಿನ ಪರಿಮಳ ಬರುತ್ತಿತ್ತು. ಸ್ವೀಡನ್ನಿನ ಯಾವ ಕಚೇರಿಯಲ್ಲಾದರೂ ಮಧ್ಯಾಹ್ನದ ಕಾಫಿ ಹೊತ್ತು ಬಂದ ಮೇಲೆ ಕುಳಿತಿರುವವರು ಇಬ್ಬರೇ: ಹೊಸಬರು ಮತ್ತು ಎದ್ದೇಳಲಾಗದವರು.

"ಒಂದೇ ಒಂದಿದೆ," ಎಂದೆ.

"ಹಾಗಾದ್ರೆ ಕಾಫಿ ಕುಡೀತಾ ಕೇಳಿ, ಆರಾಮಾಗಿ!" ಎಂದು ತಾವು ನನ್ನ ಬೆನ್ನು ತಟ್ಟಿದಿರಿ. ಎಂಥ ಸಹೃದಯರು ಅಂದುಕೊಂಡೆ. ಅಲ್ಲೇ ನಾನು ಎಡವಿದ್ದು. ಕಾಫಿ ಕೋಣೆಯಲ್ಲಿ ಕೆಲಸದ ಮಾತಾಡಬಾರದು ಎಂಬುದು ಈ ದೇಶದಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನನಗೂ ಗೊತ್ತು. ಆದರೆ ತಾವೇ ಹೇಳಿದಿರಲ್ಲ ಎಂದು ಬನ್ನು ಕೈಯಲ್ಲಿ ಹಿಡಿದು, "ಈ ಕೆಲಸ ಇರೋದು..." ಎಂದು ಶುರು ಮಾಡಿದೆ.

"ಇಲ್ಲಿ ಕೆಲಸದ ಸುದ್ದಿ ಬೇಡಮ್ಮ," ಎಂದರು ವ್ಯವಸ್ಥಾಪಕಿ ಮೆಲುದನಿಯಲ್ಲಿ, ಸತ್ತವರ ಮನೆಯಲ್ಲಿ ಶಿಳ್ಳೆ ಹಾಕಿದವಳನ್ನು ತಡೆಯುವ ಹಾಗೆ. "ಅಣಬೆ ವಿಷಯ ಮಾತಾಡೋಣ. ಈ ಸಲ ಮಳೆ ಚೆನ್ನಾಗಾಗಿದೆ."

ಸರಿ, ಅಣಬೆಯೇ ಆಗಲಿ ಎಂದು ನಾನೂ ಉಪಾಯ ಹೂಡಿದೆ. "ಲೋಮ್‌ವಿಕ್ ಕಡೆ ಹಳದಿ ಅಣಬೆ ಸಿಗುತ್ತಾ? ಅಂದ್ರೆ, ನಾನು ಅಲ್ಲೇ ಇರೋದಾದ್ರೆ, ಎಲ್ಲಿಗೆ ಹೋಗಿ ಕೀಳ್ಬೇಕು?"

ಮಾನ್ಯರೇ, ತಮ್ಮೆಲ್ಲರ ಆ ಮುಖಗಳನ್ನು ನಾನು ಸಾಯುವವರೆಗೆ ಮರೆಯಲಾರೆ. ಇಲ್ಲಿ ಪ್ರತಿ ಮನೆಯವರೂ ಗುಟ್ಟಾಗಿಡುವ ಅಣಬೆ ಜಾಗ ಎಲ್ಲಿ ಎಂದು ಕೇಳುವುದು, ಹೊಸಬಳು ಬಂದವಳೇ ಯಜಮಾನನ ಒಳಅಂಗಿಯ ಅಳತೆ ಕೇಳಿದ ಹಾಗೆ. ಸಂಘದ ಪ್ರತಿನಿಧಿಯ ಕೈಯಿಂದ ಬನ್ನು ಜಾರಿತು. "ನಮ್ಮಪ್ಪ ಸಾಯೋವಾಗ್ಲೂ ನಂಗೆ ಹೇಳ್ಲಿಲ್ಲ," ಎಂದು ಅವರು ಯಾರಿಗೂ ಅಲ್ಲದಂತೆ ಗೊಣಗಿದರು. ನಾಲ್ಕನೆಯವರು ಎದ್ದು ಹೋಗಿ ಪರದೆ ಎಳೆದರು. ಅಷ್ಟರಲ್ಲಿ ಮುಂದಿನ ಅಭ್ಯರ್ಥಿ ಬಂದು ಬಾಗಿಲಲ್ಲಿ ನಿಂತರು, ತಾವೆಲ್ಲ ಎದ್ದು ಹೋದಿರಿ, ನಾನು ಹಿಂದಿರುಗುವ ರೈಲು ಹತ್ತಿದೆ.

ಇಷ್ಟಾದ ಮೇಲೂ ಕೆಲಸ ನನಗೇ ಸಿಕ್ಕಿತು. ತಾವೇ ಕರೆ ಮಾಡಿದಿರಿ. ನಾನು ಅಡಿಗೆಮನೆಯಲ್ಲಿ ಕುಣಿಯುತ್ತ, "ಒಪ್ಪಿದೆ! ಒಪ್ಪಿದೆ!" ಎಂದು ಕೂಗಿದೆ. ಆಮೇಲೆ ಉಸಿರು ಹಿಡಿದು, "ಎಲ್ಲಿ?" ಎಂದೆ.

"ಏನು ಎಲ್ಲಿ?"

"ಕೆಲಸ ಎಲ್ಲಿ? ಗ್ರಾನ್‌ಸೆಲೆಯಲ್ಲೋ, ಲೋಮ್‌ವಿಕ್ಕಲ್ಲೋ?"

"ಒಳ್ಳೇ ಪ್ರಶ್ನೆ. ಇದನ್ನ ಸಂದರ್ಶನದಲ್ಲೇ ಕೇಳ್ಬೇಕಿತ್ತು ನೀವು."

ನಾನು ಅಡಿಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ತಾವು ಮಾತ್ರ ನನ್ನನ್ನು ಸಮಾಧಾನಪಡಿಸಿದಿರಿ. ಇಷ್ಟು ಮುಖ್ಯವಾದ ಪ್ರಶ್ನೆಗೆ ಒಬ್ಬರೇ ಉತ್ತರಿಸುವುದು ಸರಿಯಲ್ಲ, ಸಂಬಂಧಪಟ್ಟ ಎಲ್ಲರ ಅಭಿಪ್ರಾಯ ಕೇಳುತ್ತೇವೆ ಎಂದಿರಿ. ನಾನು, ಮೂರ್ಖಳು, ಧನ್ಯವಾದ ಹೇಳಿದೆ. ಸಂಬಂಧಪಟ್ಟವರು ಎಂದರೆ ನಾನು ಮತ್ತು ಸಿಕ್ಸ್ಟೆನ್ ಅಂದುಕೊಂಡಿದ್ದೆ.

ಆಮೇಲೆ ಬರತೊಡಗಿದವು ಅಭಿಪ್ರಾಯಗಳು. ಎಲ್ಲದರ ಪ್ರತಿಯೂ ನಿಯಮದಂತೆ ನನಗೆ ಬಂತು. ಈ ದೇಶದಲ್ಲಿ ಯಾವ ಪ್ರಸ್ತಾವವಾದರೂ ಹತ್ತು ಕಡೆ ಸುತ್ತಿ ಬಾರದೆ ಮುಂದೆ ಹೋಗುವುದಿಲ್ಲ ಎಂದು ಗೊತ್ತಿದ್ದೇ ನಾನು ಬೆಳೆದವಳು, ಆದರೆ ನನ್ನ ಸಂಸಾರವೇ ಹೀಗೆ ಊರು ಸುತ್ತುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹಿರಿಯ ನಾಗರಿಕರ ಮಂಡಳಿ, ಪ್ರಶ್ನೆಯನ್ನು ಸ್ವಾಗತಿಸುತ್ತದೆಂದೂ ಎರಡೂ ಕೊಳಗಳ ನೀರು ತಣ್ಣಗಿದೆಯೆಂದೂ ಬರೆಯಿತು. ಹಿಮ ತೆಗೆಯುವ ವಿಭಾಗಕ್ಕೆ ನನ್ನ ನೇಮಕದ ಬಗ್ಗೆ ಆಕ್ಷೇಪವಿಲ್ಲವಂತೆ, ನಾನು ಎಲ್ಲಿದ್ದರೂ ನನ್ನ ಸೈಕಲ್ಲನ್ನು ರಸ್ತೆಬದಿ ನಿಲ್ಲಿಸದಿದ್ದರೆ ಸಾಕಂತೆ. ಕಡವೆ ಬೇಟೆಗಾರರ ಸಂಘ, ಬೇಟೆಯ ವಾರದಲ್ಲಿ ನಾನು ಕಂದು ಬಣ್ಣದ ಕೋಟು ತೊಟ್ಟು ಕಾಡಂಚಿನಲ್ಲಿ ಓಡಾಡಬಾರದೆಂದು ಕಳಕಳಿಯಿಂದ ಕೇಳಿಕೊಂಡಿತು. ಸಮಾನತೆ ವಿಭಾಗದವರು, ಹೆಂಡತಿ ಎಲ್ಲಿ ಕೆಲಸ ಮಾಡಬೇಕೆಂದು ಕೇಳಿದ ಮೇಲೆ ಗಂಡ ಎಲ್ಲಿ ಕೆಲಸ ಮಾಡಬೇಕೆಂದೂ ಕೇಳಬೇಕಲ್ಲವೇ ಎಂದರು. ಇನ್ನೊಂದು ವಿಭಾಗ, ಪ್ರಶ್ನೆ ಗಂಭೀರವಾಗಿರುವುದರಿಂದ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಹೆಚ್ಚಿನ ಸಮಯ ಬೇಕೆಂದು ಕೋರಿತು. ಅವರಿಗೆ ತಾವು ಸಮಯ ಕೊಟ್ಟಿರಿ! ಕೇಳಿದೊಡನೆ, ಧಾರಾಳವಾಗಿ, ವಾರಗಟ್ಟಲೆ! ನನಗೆ ಕೊಡಲಾಗದೆ ಹೋದದ್ದು ಎಷ್ಟು? ಏಲಕ್ಕಿ ಬನ್ನು ತಣ್ಣಗಾಗದಷ್ಟು ಹೊತ್ತು.

ಇಷ್ಟು ಜನ ಇಷ್ಟು ಬರೆದರಲ್ಲ, ಗ್ರಾನ್‌ಸೆಲೆ ಎಂದಾಗಲೀ ಲೋಮ್‌ವಿಕ್ ಎಂದಾಗಲೀ ಒಬ್ಬರಾದರೂ ಬರೆದರೇ? ಇಲ್ಲ. ಅಭಿಪ್ರಾಯಗಳೆಲ್ಲ ಕೈಸೇರಿದ ಮೇಲೆ ತಾವು ಸಭೆ ಕರೆದು ನಿರ್ಧರಿಸುತ್ತೀರಂತೆ. ಆ ಸಭೆ ನಾನು ಕೆಲಸಕ್ಕೆ ಸೇರಬೇಕಾದ ದಿನದ ಮುಂದಿನ ವಾರ! ಅಲ್ಲಿಯವರೆಗೆ ನಾನು ಯಾವ ಕೊಳದಲ್ಲಿ ಈಜಲಿ? ತಮ್ಮ ಸಭೆ ನನ್ನನ್ನು ಕೆರೆ ಎಂದು ಒಪ್ಪಿಕೊಂಡಿತಲ್ಲ, ತಾನು ಯಾವ ಊರಿನಲ್ಲಿದ್ದೇನೆಂದು ಕೆರೆಗಾದರೂ ಗೊತ್ತಿರಬೇಡವೇ?

ನನ್ನ ಅತ್ತೆ ಗುನ್‌ವೋರ್ ಲೋಮ್‌ವಿಕ್ಕಿನಲ್ಲೇ, ನಮ್ಮ ಮನೆಯ ಪಕ್ಕದ ಬೀದಿಯಲ್ಲಿದ್ದಾರೆ. ಮದುವೆ ಮುಗಿಸಿ ಮಗನ ಜೊತೆ ಊರಿಗೆ ಹೋದವರು ಮೊನ್ನೆ ಫೋನ್ ಮಾಡಿದರು.

"ಏನೇ ಹುಡುಗಿ, ಬರ್ತೀಯೋ ಇಲ್ವೋ? ಹೊಸ ದಿಂಬು ಹೊಲೀತಿದೀನಿ. ಒಂದು ಹೊಲೀಲೋ ಎರಡು ಹೊಲೀಲೋ?"

"ಗೊತ್ತಿಲ್ಲ ಅತ್ತೆ. ಪುರಸಭೆ ಯೋಚನೆ ಮಾಡ್ತಿದೆ."

"ಪುರಸಭೆನಾ! ನಮ್ಮ ಬೀದಿ ದೀಪಕ್ಕೆ ಅವರು ಯೋಚನೆ ಮಾಡೋಕೆ ಶುರು ಮಾಡ್ದಾಗ ನಿನ್ನ ಗಂಡನಿಗೆ ಹಾಲುಹಲ್ಲು. ಈ ಜನ್ಮದಲ್ಲಿ ನಂಗೆ ಮೊಮ್ಮಕ್ಕಳು ಇಲ್ಲ ಅಂತಾಯ್ತು ಬಿಡು."

ಸಿಕ್ಸ್ಟೆನ್ ಮಾತು ಕಡಿಮೆ. ಹಬ್ಬದ ದಿನ ಎರಡು ವಾಕ್ಯ ಆಡಿದರೆ ಹೆಚ್ಚು. ಅವನು ಫೋನು ತೆಗೆದುಕೊಂಡು, "ನೀನು ಗ್ರಾನ್‌ಸೆಲೆಗೆ ಹೋದ್ರೆ ನಾನೂ ಅಲ್ಲಿಗೇ ಬರ್ತೀನಿ," ಎಂದ.

"ಅಲ್ಲ ಕಣೋ, ಲೋಮ್‌ವಿಕ್ಕಿನ ಚಿಮಣಿಗಳು?"

"ಅವೂ ಬರ್ಲಿ."

ಹೀಗೆ ಹೇಳುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಹೇಳಿ! ಆದರೆ ಚಿಮಣಿಗಳು ಬರುವುದಿಲ್ಲ. ಚಳಿಗಾಲ ಬರುತ್ತಿದೆ, ಅವನ ಊರಿನ ಮನೆಗಳಲ್ಲಿ ಒಲೆ ಹೊತ್ತಬೇಕು, ಅವನು ಅಲ್ಲೇ ಇರಬೇಕು. ಮಾತಿಗೆ ಹಾಗೆ ಹೇಳಿದ ಎಂದು ನನಗೂ ಗೊತ್ತು. ಫೋನಿಟ್ಟ ಮೇಲೆ ನಾನು ಸ್ವಲ್ಪ ಅತ್ತುಬಿಟ್ಟೆ ಎಂದು ಬರೆದರೆ ತಾವು ಅದನ್ನೂ ಅಭಿಪ್ರಾಯಕ್ಕೆ ಕಳಿಸುತ್ತೀರೇನೋ. ಆದರೂ ಬರೆದಿದ್ದೇನೆ. ಅತ್ತುಬಿಟ್ಟೆ.

ತಮ್ಮ ಪದ್ಧತಿಯನ್ನು ಸಮರ್ಥಿಸುವವರು, ಒಳ್ಳೆಯ ಅಭ್ಯರ್ಥಿ ಬಂದರೆ ಸಾಕು, ಆಕೆಗೆ ಪ್ರಶ್ನೆಗಳೇಕೆ ಎನ್ನಬಹುದು. ನಾನು ಗೋಥೆನ್‌ಬರ್ಗಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅಲ್ಲಿ ಪಾಠ ಮುಗಿದ ಮೇಲೆ ಪ್ರಶ್ನೆ ಕೇಳದ ಮಗುವನ್ನು, ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಹಾಗಾಗಿ ನನಗೆ ಸ್ವಲ್ಪ ಪಕ್ಷಪಾತ ಇದ್ದೀತು. ಆದರೂ ಹೇಳುತ್ತೇನೆ. ಕೆಲಸಕ್ಕೆ ಬರುವವಳು ಸಂತೆಯಲ್ಲಿಟ್ಟ ಎಲೆಕೋಸಲ್ಲ, ಕೊಳ್ಳುವವರಷ್ಟೇ ಒತ್ತಿ ನೋಡಿ ಚೀಲಕ್ಕೆ ಹಾಕಿಕೊಳ್ಳಲು. ಅವಳು ಮನೆ ಖಾಲಿ ಮಾಡುತ್ತಾಳೆ, ಗೆಳತಿಯರನ್ನು ಬಿಡುತ್ತಾಳೆ, ಬೆಕ್ಕನ್ನು ತಂಗಿಗೆ ಒಪ್ಪಿಸುತ್ತಾಳೆ. ತಾವು ಅವಳನ್ನು ಆರಿಸಿಕೊಂಡ ಹಾಗೆ ಅವಳೂ ತಮ್ಮನ್ನು ಆರಿಸಿಕೊಳ್ಳಬೇಕಾಗಿದೆ. ಅವಳ ಪ್ರಶ್ನೆಯಿಂದ ತಮಗೂ ಲಾಭವಿದೆ. ನನ್ನ ಒಂದು ಪ್ರಶ್ನೆಯನ್ನು ತಾವು ಕೇಳಿಸಿಕೊಂಡಿದ್ದರೆ, ಈಜು ಶಿಕ್ಷಕಿ ಬೇಕೆಂದು ಜಾಹೀರಾತು ಕೊಟ್ಟ ತಮಗೆ ಆಕೆ ಎಲ್ಲಿ ಬೇಕೆಂದು ಗೊತ್ತೇ ಇಲ್ಲ ಎಂಬ ಸಂಗತಿ ತಮಗೆ ಆವತ್ತೇ ಗೊತ್ತಾಗುತ್ತಿತ್ತು.

ಸಮಯ ಇರಲಿಲ್ಲ ಎನ್ನಬೇಡಿ. ನನ್ನ ಮದುವೆ ತಮ್ಮ ಕಾಫಿ ಲೋಟದ ಚರ್ಚೆಗಿಂತ ಬೇಗ ಮುಗಿಯಿತು. ಪುರಭವನದ ಮದುವೆಗಳು ಹಾಗೇ, ಹೊರಗೆ ಮುಂದಿನ ಜೋಡಿ ಹೂಗುಚ್ಛ ಹಿಡಿದು ಕಾಯುತ್ತಿರುತ್ತದೆ. ಮದುವೆ ನಡೆಸಿಕೊಟ್ಟ ಅಧಿಕಾರಿಣಿ ಮೊದಲು ಸಿಕ್ಸ್ಟೆನ್‌ನನ್ನು, ಒಪ್ಪಿಗೆಯೇ ಎಂದು ಕೇಳಿದರು. ಉತ್ತರ ಸ್ವೀಡನ್ನಿನವರು ಹೌದು ಎನ್ನಲು ಬಾಯಿ ತೆರೆಯುವುದಿಲ್ಲ, ಸುಯ್ ಎಂದು ಉಸಿರು ಒಳಗೆಳೆದುಕೊಳ್ಳುತ್ತಾರೆ. ಅವನೂ ಹಾಗೇ ಮಾಡಿದ.

"ಇವರಿಗೆ ಉಬ್ಬಸಾನಾ?" ಎಂದು ಅಧಿಕಾರಿಣಿ ಗಾಬರಿಯಾದರು.

"ಅಲ್ಲ ಮೇಡಂ, ಅವರ ಕಡೆ ಅದೇ ಹೌದು ಅಂತ," ಎಂದೆ.

ಅವರು ನಕ್ಕು ನನ್ನ ಕಡೆ ತಿರುಗಿದರು. "ನೀವು ಒಪ್ಪಿಗೆ ಹೇಳೋಕೆ ಮುಂಚೆ ಇವರನ್ನ ಏನಾದ್ರೂ ಕೇಳೋದಿದ್ಯಾ? ಕೇಳಿ, ಹೊರಗಿರೋರು ಕಾಯ್ತಾರೆ."

ನಾನು ಕೇಳಿದೆ. "ನಿನ್ನ ಮಸಿ ಬಟ್ಟೆ ಯಾರು ಒಗೀತಾರೆ?"

"ನಾನೇ," ಎಂದ ಸಿಕ್ಸ್ಟೆನ್, ಬಾಯಿ ತೆರೆದು, ಸ್ಪಷ್ಟವಾಗಿ. ಆಮೇಲೆ ನಾನು ಒಪ್ಪಿದೆ. ಅತ್ತೆ ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿದರು. ಜೀವಮಾನದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ, ಒಂದು ಉತ್ತರ, ಹೊರಗೆ ಕಾದವರು ಯಾರೂ ಸಾಯಲಿಲ್ಲ. ಮದುವೆಗೇ ಇಷ್ಟು ಸಾಧ್ಯವಾದರೆ ಈಜುಕೊಳಕ್ಕೆ ಸಾಧ್ಯವಿಲ್ಲವೇ?

ಆದ್ದರಿಂದ ನನ್ನ ಬೇಡಿಕೆ. ಇನ್ನು ಮುಂದೆ ತಮ್ಮ ಪ್ರತಿ ಸಂದರ್ಶನದಲ್ಲೂ ಅಭ್ಯರ್ಥಿಯ ಪ್ರಶ್ನೆಗೆ ಕಾಲು ಗಂಟೆಯನ್ನಾದರೂ ತೆಗೆದಿಡಿ, ಅದನ್ನು ಕಾಫಿಗೆ ಮುಂಚೆ ಇಡಿ, ಎಲ್ಲರೂ ಕುಳಿತಿರುವಾಗಲೇ ಇಡಿ. ಉತ್ತರ ಗೊತ್ತಿರುವ ಒಬ್ಬರಾದರೂ ಆ ಕೋಣೆಯಲ್ಲಿರಲಿ, ಮತ್ತು ಬೇರೆ ಯಾರನ್ನೂ ಕೇಳದೆ ಬಾಯಿ ಬಿಡಲು ಅವರಿಗೆ ಅಪ್ಪಣೆ ಇರಲಿ. ಪರದೆ ಎಳೆಯುವ ನಾಲ್ಕನೆಯವರಾದರೂ ನನಗೆ ಅಭ್ಯಂತರವಿಲ್ಲ, ಅವರು ಸಮಯಕ್ಕೆ ಸರಿಯಾಗಿ ಏಳುವವರು.

ಇನ್ನು ನನ್ನ ವಿಷಯ. ತಮ್ಮ ಸಭೆಗಳಲ್ಲಿ ಒಂದು ಸೊಗಸಾದ ಪದ್ಧತಿಯಿದೆ. ಅಧ್ಯಕ್ಷರು ಪ್ರಸ್ತಾವ ಓದುತ್ತಾರೆ, ಯಾರಿಗಾದರೂ ಆಕ್ಷೇಪವಿದೆಯೇ ಎಂದು ಕೇಳುತ್ತಾರೆ, ಯಾರೂ ತುಟಿ ಪಿಟಕ್ಕೆನ್ನದಿದ್ದರೆ ಸುತ್ತಿಗೆ ಬಡಿದು ಅಂಗೀಕಾರ ಎನ್ನುತ್ತಾರೆ. ತಮ್ಮ ಪುರಸಭೆಯ ಗ್ರಂಥಾಲಯ, ಸೇತುವೆ, ಎರಡು ಈಜುಕೊಳ ಎಲ್ಲವೂ ಹೀಗೆ ಯಾರೂ ಮಾತಾಡದೆ ಕಟ್ಟಿದವು. ನಾನೂ ಇದೋ ಒಂದು ಪ್ರಸ್ತಾವ ಮಂಡಿಸುತ್ತಿದ್ದೇನೆ: ಈಜು ಶಿಕ್ಷಕಿಯನ್ನು ಲೋಮ್‌ವಿಕ್ಕಿಗೆ ನೇಮಿಸತಕ್ಕದ್ದು. ಈ ಭಾನುವಾರ ಲೋಮ್‌ವಿಕ್ಕಿಗೆ ಹೊರಡುವ ನನ್ನ ರೈಲು ಮೊದಲು ಗ್ರಾನ್‌ಸೆಲೆಯಲ್ಲಿ ನಿಲ್ಲುತ್ತದೆ. ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು, ಯಾರಿಗಾದರೂ ಆಕ್ಷೇಪವಿದೆಯೇ ಎಂದು ಗಟ್ಟಿಯಾಗಿ ಕೇಳುತ್ತೇನೆ. ಆಕ್ಷೇಪವಿದ್ದವರು ಖುದ್ದಾಗಿ ಬಂದು ಪ್ಲಾಟ್‌ಫಾರಂ ಮೇಲೆ ನಿಂತು, ನನ್ನ ಮುಖ ನೋಡಿ ಹೇಳಬೇಕು. ಹೇಳಿದರೆ ಪೆಟ್ಟಿಗೆ ಇಳಿಸಿಕೊಂಡು ಮರುಮಾತಿಲ್ಲದೆ ಇಳಿಯುತ್ತೇನೆ, ಅಷ್ಟು ಹೊತ್ತಿಗೆ ನನಗೊಂದು ಉತ್ತರವಾದರೂ ಸಿಕ್ಕಿರುತ್ತದೆ. ಯಾರೂ ಇರದಿದ್ದರೆ ಬಾಗಿಲು ಮುಚ್ಚುವ ಸದ್ದನ್ನೇ ಸುತ್ತಿಗೆಯ ಪೆಟ್ಟು ಎಂದು ತಿಳಿದು ಮುಂದೆ ಹೋಗುತ್ತೇನೆ, ಮತ್ತು ಮಾರನೆಯ ಬೆಳಿಗ್ಗೆ ಲೋಮ್‌ವಿಕ್ಕಿನ ಮಕ್ಕಳನ್ನು ನೀರಿಗಿಳಿಸುತ್ತೇನೆ. ಅತ್ತೆಗೆ ಎರಡು ದಿಂಬು ಹೊಲಿಯಲು ಹೇಳಿದ್ದೇನೆ.

ಇಂತಿ,
ತಮ್ಮ ಉದ್ಯೋಗಿ ಹೌದು, ಎಲ್ಲಿಯ ಉದ್ಯೋಗಿಯೆಂದು ಮಾತ್ರ ತಿಳಿಯದ,
ಹೆಡ್ವಿಗ್,
ಬರುವ ಭಾನುವಾರ, ಮಧ್ಯಾಹ್ನ ಗ್ರಾನ್‌ಸೆಲೆಗೆ ಬರುವ, ಉತ್ತರ ದಿಕ್ಕಿನ ರೈಲಿನಲ್ಲಿ